ಬದಿಗಿಟ್ಟ ಬೀಡಿ: ಮನೆಯಲ್ಲಿ ನಡೆಯುವ ಉತ್ಪಾದನೆ, ತಿರಸ್ಕಾರದ ಹಕ್ಕು ಮತ್ತು ಮಾಲೀಕತ್ವದ ಪ್ರಶ್ನೆ

ಬೀಡಿ ಉದ್ದಿಮೆಯ ಶೋಷಣೆಯನ್ನು ಕುರಿತ ಬರಹಗಳು ಬಹುಪಾಲು ಕೂಲಿಯ ದರ ಮತ್ತು ಆರೋಗ್ಯದ ಸುತ್ತಲೇ ಸುತ್ತುತ್ತವೆ. ಎರಡೂ ಗಂಭೀರ ವಿಷಯಗಳೇ. ಆದರೆ ದರವನ್ನು ಎಷ್ಟೇ ಏರಿಸಿದರೂ ಶ್ರಮ ಸೋರಿಹೋಗುವ ಕಿಂಡಿಯೊಂದು ಈ ಉದ್ದಿಮೆಯಲ್ಲಿದೆ. ಕಟ್ಟಿ ತಂದ ಬೀಡಿಯಲ್ಲಿ ಒಂದಷ್ಟನ್ನು ‘ಸರಿಯಿಲ್ಲ’ ಎಂದು ಬದಿಗಿಡುವ ಹಕ್ಕು ಅದು. ಕೂಲಿ ಕೊಡದೆ ದುಡಿಮೆಯನ್ನು ಪಡೆಯುವ ದಾರಿಯೂ, ಮೇಸ್ತ್ರಿಯಿಲ್ಲದೆ ಮನೆಯೊಳಗಿನ ಕೆಲಸವನ್ನು ಹಿಡಿತದಲ್ಲಿಡುವ ಸಾಧನವೂ ಈ ಹಕ್ಕೇ. ‘ನಾನು ಮಾಲೀಕನಲ್ಲ’ ಎನ್ನುವವನನ್ನು ನ್ಯಾಯಾಲಯದಲ್ಲಿ ಮಾಲೀಕನೆಂದು ತೋರಿಸಿಕೊಟ್ಟದ್ದೂ ಇದೇ.

ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಕಂಪನಿಯ ಪರವಾಗಿ ಗುತ್ತಿಗೆದಾರ ನಡೆಸುವ ಸಂಗ್ರಹ ಕೋಣೆಗೆ ಬ್ರಾಂಚ್ ಎನ್ನುತ್ತಾರೆ. ಎಲೆ, ಹೊಗೆಸೊಪ್ಪು ಅಲ್ಲಿ ತೂಕಕ್ಕೆ ಸಿಗುತ್ತವೆ. ಎಲೆಯನ್ನು ನೀರಿನಲ್ಲಿ ನೆನೆಸಿ ಮೆತ್ತಗಾಗಿಸುವುದು, ಅಳತೆಯ ತಗಡಿಟ್ಟು ಕತ್ತರಿಸುವುದು, ಪುಡಿ ಹಾಕಿ ಸುರುಳಿ ಸುತ್ತಿ ನೂಲು ಕಟ್ಟುವುದು, ತುದಿ ಮಡಚಿ 25ರ ಕಟ್ಟು ಮಾಡುವುದು, ಇಷ್ಟೂ ಮನೆಯಲ್ಲಿ. ಕೂಲಿಯ ಲೆಕ್ಕ ಸಾವಿರ ಬೀಡಿಗೆ. ನೆನೆಸಿ ಕತ್ತರಿಸುವ ಹೊತ್ತು ಅದರಲ್ಲಿ ಬೇರೆಯಾಗಿ ಕಾಣಿಸುವುದಿಲ್ಲ. ಅಮ್ಮನ ಹೆಸರಿನ ಕೂಲಿ ಪುಸ್ತಕಕ್ಕೆ ಮಗಳೂ ಅತ್ತೆಯೂ ಕಟ್ಟಿದ ಬೀಡಿ ಸೇರುತ್ತದೆ. ದುಡಿದವರು ಮೂವರು, ಭವಿಷ್ಯನಿಧಿಗೆ ಅರ್ಹಳಾದವಳು ಒಬ್ಬಳು.

ಎಲೆಯ ಗುಣವೇ ಎಲ್ಲವನ್ನೂ ನಿರ್ಧರಿಸುತ್ತದೆ. ಬೀಡಿ ಸುತ್ತುವ ತೆಂಡು ಎಲೆ ಕರಾವಳಿಯ ಬೆಳೆಯಲ್ಲ. ಮಧ್ಯಪ್ರದೇಶ, ಛತ್ತೀಸಗಡ, ಒಡಿಶಾದ ಕಾಡುಗಳಲ್ಲಿ ಬೇಸಿಗೆಯಲ್ಲಿ ಬಹುಪಾಲು ಆದಿವಾಸಿಗಳು ಕೊಯ್ದು ಒಣಗಿಸಿದ್ದು ಇಲ್ಲಿಗೆ ಬರುತ್ತದೆ. ತೂತು ಬಿದ್ದ, ನರ ದಪ್ಪಗಿರುವ, ಒಣಗಿ ಸೀಳುವ ಎಲೆಯಿಂದ ನಿಗದಿತ ಸಂಖ್ಯೆಯ ಬೀಡಿ ಹೊರಡುವುದಿಲ್ಲ. ಕೊರತೆ ಬಿದ್ದರೆ ಕಟ್ಟುವವಳು ಕೈಯಿಂದ ದುಡ್ಡು ಹಾಕಿ ಎಲೆ ಕೊಳ್ಳಬೇಕು. ಕೆಟ್ಟ ಎಲೆ ಕೊಟ್ಟವರು ಒಬ್ಬರು. ಕೆಟ್ಟ ಬೀಡಿಯ ಹೊಣೆ ಹೊರುವವಳು ಇನ್ನೊಬ್ಬಳು. ಕಚ್ಚಾ ಮಾಲಿನ ದೋಷ ಕೆಲಸಗಾರಳ ದೋಷವಾಗಿ ಬದಲಾಗುವುದು ಬ್ರಾಂಚಿನ ಮೇಜಿನ ಮೇಲೆ, ಅರೆಕ್ಷಣದಲ್ಲಿ.

ಲೆಕ್ಕ ಸರಳ. ಉದಾಹರಣೆಗೆ ಸಾವಿರಕ್ಕೆ 50 ಬೀಡಿ ತಿರಸ್ಕೃತವಾದರೆ ದಿನದ ದುಡಿಮೆಯ ಇಪ್ಪತ್ತನೇ ಒಂದು ಭಾಗ ಪುಕ್ಕಟೆ ಹೋಯಿತು. ಸರಕಾರ ಕನಿಷ್ಠ ಕೂಲಿ ಏರಿಸಿದ ಮರುತಿಂಗಳು ಆ 50 ಎಂಬುದು 80 ಆದರೆ ಏರಿಕೆಯ ಒಂದು ಪಾಲು ಸದ್ದಿಲ್ಲದೆ ವಾಪಸಾಗುತ್ತದೆ. ದರ ಕಾಗದದ ಮೇಲೆ ಇದ್ದಂತೆಯೇ ಇರುತ್ತದೆ.

1867ರಲ್ಲಿ ಪ್ರಕಟವಾದ ‘ಬಂಡವಾಳ’ದ ಮೊದಲ ಸಂಪುಟದಲ್ಲಿ ಮಾರ್ಕ್ಸ್ ತುಂಡು ಕೂಲಿಗೆ ಒಂದು ಪೂರ್ಣ ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಉತ್ಪನ್ನಕ್ಕೆ ಇಷ್ಟೆಂದು ಕೂಲಿ ಕೊಡುವಾಗ ಗುಣಮಟ್ಟದ ಮೇಲಿನ ನಿಗಾ ಕೂಲಿಯ ರೂಪದೊಳಗೇ ಸೇರಿಬಿಡುತ್ತದೆ, ಮೇಲ್ವಿಚಾರಣೆಯ ಅಗತ್ಯ ಬಹುಮಟ್ಟಿಗೆ ತಗ್ಗುತ್ತದೆ, ಹಾಗಾಗಿಯೇ ಮನೆಯಲ್ಲೇ ನಡೆಯುವ ಉದ್ದಿಮೆಗೂ ನಡುವಣ ಗುತ್ತಿಗೆದಾರರ ಸರಪಳಿಗೂ ಅದು ತಳಹದಿಯಾಗುತ್ತದೆ ಎಂಬುದು ಅವನ ವಿವರಣೆ. ಇಂಗ್ಲೆಂಡಿನ ಸ್ಥಿತಿ ನೋಡಿ ಬರೆದ ಮಾತು ಬಂಟ್ವಾಳಕ್ಕೆ ಇಷ್ಟು ಸಲೀಸಾಗಿ ಹೊಂದುವುದು ತುಸು ಅನುಮಾನ ಹುಟ್ಟಿಸಬೇಕು. ಒಂದು ವ್ಯತ್ಯಾಸವಂತೂ ಇದೆ: ಇಲ್ಲಿ ಗುತ್ತಿಗೆದಾರನೂ ಅದೇ ಊರಿನವನು, ಮದುವೆ ಮುಂಜಿಗೆ ಕರೆಯುವವನು, ಕಷ್ಟಕ್ಕೆ ಮುಂಗಡ ಕೊಡುವವನು. ಬದಿಗಿಟ್ಟ ಬೀಡಿಯ ಬಗ್ಗೆ ಅವನೊಡನೆ ಜಗಳ ಕಾಯುವುದು ಸುಲಭವಲ್ಲ.

ಕಾನೂನಿನ ಇತಿಹಾಸ ಇನ್ನಷ್ಟು ಸ್ವಾರಸ್ಯಕರ. 1958ರ ಚಿಂತಾಮಣ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬೀಡಿ ಒದಗಿಸುವ ಸಟ್ಟೇದಾರರನ್ನು ಸ್ವತಂತ್ರ ಗುತ್ತಿಗೆದಾರರೆಂದು ಕಂಡಿತು. ಅವರ ಕೈಕೆಳಗಿನವರು ಕಾರ್ಖಾನೆ ಕಾಯಿದೆಯ ಹೊರಗುಳಿದರು. 1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆ ಬಂದದ್ದು ಇಂಥ ಬಿರುಕುಗಳನ್ನು ಮುಚ್ಚಲು. ಮನೆಯಲ್ಲಿ ಕಟ್ಟುವವರನ್ನೂ ಅದು ಒಳಗೆ ತಂದುಕೊಂಡಿತು. ಎಲೆ ವಿತರಣೆ, ಬೀಡಿಯ ತಿರಸ್ಕಾರ, ತಿರಸ್ಕೃತ ಬೀಡಿಯ ಕೂಲಿ ಇವುಗಳ ತಕರಾರನ್ನು ಗೊತ್ತುಪಡಿಸಿದ ಅಧಿಕಾರಿ ತೀರ್ಮಾನಿಸಬೇಕೆಂದು 39ನೇ ಕಲಮಿನಲ್ಲಿ ಬರೆಯಿತು. ಉದ್ದಿಮೆದಾರರು ಕಾಯಿದೆಯನ್ನೇ ಪ್ರಶ್ನಿಸಿದರು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಹೆಸರಿನ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು.

ನಿರ್ಣಾಯಕ ಮಾತು ಬಂದದ್ದು 1985ರ ಪಿ.ಎಂ. ಪಟೇಲ್ ಪ್ರಕರಣದಲ್ಲಿ. ಮನೆಯಲ್ಲಿ ಕಟ್ಟುವವರು ಭವಿಷ್ಯನಿಧಿ ಕಾಯಿದೆಯ ಅರ್ಥದಲ್ಲಿ ನೌಕರರೇ ಎಂಬುದು ಪ್ರಶ್ನೆ. ಕಂಪನಿ ಅವರ ಮನೆಗೆ ಬಂದು ನಿಗಾ ಇಡುವುದಿಲ್ಲವಲ್ಲ ಎಂಬ ವಾದಕ್ಕೆ ಕೋರ್ಟು ಕೊಟ್ಟ ಉತ್ತರದ ತಿರುಳು ಇಷ್ಟು: ಮಟ್ಟಕ್ಕೆ ಬಾರದ ಬೀಡಿಯನ್ನು ತಳ್ಳಿಹಾಕುವ ಹಕ್ಕೇ ಮೇಲ್ವಿಚಾರಣೆಗೆ ಸಾಕಷ್ಟು ಸಾಕ್ಷಿ. ಕೂಲಿ ಕಡಿತದ ಸಾಧನವೇ ಮಾಲೀಕತ್ವದ ಪುರಾವೆಯಾಯಿತು.

ಗಡಿಯಾಚೆ, ಕೇರಳದ ಕಣ್ಣೂರಿನ ಅನುಭವವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಬೀಡಿ ಕಟ್ಟುವುದು ಶೆಡ್ಡಿನಲ್ಲಿ ಸಾಲಾಗಿ ಕೂತು ಮಾಡುವ ಕೆಲಸವಾಗಿತ್ತು; ಒಬ್ಬ ಪತ್ರಿಕೆ ಓದುತ್ತಿದ್ದ, ಉಳಿದವರು ಕೇಳುತ್ತ ಕಟ್ಟುತ್ತಿದ್ದರು. ಕೇರಳ 1966ರ ಕಾಯಿದೆಯನ್ನು ಜಾರಿಗೆ ತಂದಾಗ ಮಂಗಳೂರಿನ ಕಂಪನಿಗಳು 1968ರಲ್ಲಿ ಅಲ್ಲಿನ ಕೆಲಸ ನಿಲ್ಲಿಸಿದವು. ಸಾವಿರಾರು ಮಂದಿ ಬೀದಿಗೆ ಬಿದ್ದರು. 1969ರಲ್ಲಿ ಅವರ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಶೆಡ್ಡಿನಲ್ಲಿ ಬೀಡಿಯೊಂದನ್ನು ಬದಿಗಿಟ್ಟರೆ ಅಕ್ಕಪಕ್ಕದವರು ಅದನ್ನು ನೋಡುತ್ತಾರೆ, ಎಲೆ ಹೇಗಿತ್ತೆಂದು ಅವರಿಗೂ ಗೊತ್ತು. ಒಂಟಿಯಾಗಿ ಬ್ರಾಂಚಿಗೆ ಹೋದವಳಿಗೆ ಆ ಸಾಕ್ಷಿಗಳಿಲ್ಲ. ಮನೆ-ಪದ್ಧತಿ ಉಳಿಸಿಕೊಟ್ಟದ್ದು ಶೆಡ್ಡಿನ ಬಾಡಿಗೆಯನ್ನಷ್ಟೇ ಅಲ್ಲ.

ಉದ್ದಿಮೆ ಪಟೇಲ್ ಪ್ರಕರಣದ ತೀರ್ಪಿನಿಂದ ಪಾಠ ಕಲಿಯದೆ ಇರಲಿಲ್ಲ. 1966ರ ಕಾಯಿದೆಯ 43ನೇ ಕಲಮು, ಯಾರ ನೌಕರನೂ ಅಲ್ಲದೆ ಮನೆಯವರ ನೆರವಿನಿಂದ ಸ್ವಂತಕ್ಕೆ ಕಟ್ಟುವವರನ್ನು ಹೊರಗಿಟ್ಟಿತ್ತು. ದೇಶದ ಹಲವೆಡೆ ಕಂಡುಬಂದ ಖರೀದಿ-ಮಾರಾಟ ಪದ್ಧತಿ ಈ ಬಾಗಿಲಲ್ಲೇ ನುಗ್ಗಿತು. ಎಲೆ, ಹೊಗೆಸೊಪ್ಪನ್ನು ಗುತ್ತಿಗೆದಾರ ‘ಮಾರುತ್ತಾನೆ’. ಕಟ್ಟಿದ ಬೀಡಿಯನ್ನು ‘ಕೊಳ್ಳುತ್ತಾನೆ’. ಕೂಲಿಯ ಪುಸ್ತಕ ಮಾಯ, ಭವಿಷ್ಯನಿಧಿ ಮಾಯ, ತಿರಸ್ಕಾರ ಬರೀ ಗಿರಾಕಿಯ ಇಷ್ಟಾನಿಷ್ಟ. ಹಳೆಯ ಕಾಯಿದೆಯನ್ನು ನುಂಗಿಕೊಂಡ 2020ರ ವೃತ್ತಿ ಸುರಕ್ಷತೆಯ ಸಂಹಿತೆಯಲ್ಲೂ ಸ್ವಂತಕ್ಕೆ ಕಟ್ಟುವವರ ವಿನಾಯಿತಿ ಮುಂದುವರಿದಿದೆ.

ಆದರೆ ಈ ವೇಷವನ್ನು ಪರೀಕ್ಷಿಸಲು ತಪಾಸಣಾಧಿಕಾರಿಗೆ ದೊಡ್ಡ ದಾಖಲೆಗಳು ಬೇಕಿಲ್ಲ. ಸಂತೆಯಲ್ಲಿ ಗಿರಾಕಿ ಬೇಡವೆಂದ ಬದನೆಕಾಯಿ ಮಾರುವವಳ ಬುಟ್ಟಿಗೇ ವಾಪಸು ಬೀಳುತ್ತದೆ; ಅವಳು ಅದನ್ನು ಇನ್ನೊಬ್ಬರಿಗೆ ಮಾರಬಹುದು. ಬದಿಗಿಟ್ಟ ಬೀಡಿ ಯಾರ ಕೈಯಲ್ಲಿ ಉಳಿಯುತ್ತದೆ, ಕಟ್ಟಿದವಳು ಅದನ್ನು ಬೇರೆ ಕಂಪನಿಗೆ ಕೊಡಬಹುದೇ, ಅದರ ಎಲೆಯ ಬೆಲೆಯನ್ನು ಕೊನೆಗೆ ಭರಿಸಿದವರು ಯಾರು ಎಂದು ಕೇಳಿದರೆ ಸಾಕು. ಬೀಡಿ ಮೇಜಿನ ಆಚೆಯೇ ಉಳಿದು ಎಲೆಯ ಬೆಲೆ ಮಾತ್ರ ಈಚೆಯವಳ ಲೆಕ್ಕಕ್ಕೆ ಬಿದ್ದಿದ್ದರೆ, ಅಲ್ಲಿ ನಡೆದದ್ದು ಮಾರಾಟವೆಂದು ಯಾವ ರಸೀದಿ ಹೇಳಿದರೂ ನಂಬಬೇಕಾಗಿಲ್ಲ.