ಪರ್ಮಿಟ್ ರೂಮಿನ ಪೂರ್ವಾಪರ

ಕರ್ನಾಟಕದಿಂದ ಮಹಾರಾಷ್ಟ್ರಕ್ಕೆ ಹೋದವರ ಕಣ್ಣಿಗೆ ಅಲ್ಲಿನ ಬಾರುಗಳ ಬೋರ್ಡಿನ ಮೇಲಿನ ಒಂದು ಮಾತು ವಿಚಿತ್ರವಾಗಿ ಕಾಣುತ್ತದೆ: 'ಪರ್ಮಿಟ್ ರೂಂ'. ಗೋದಾವರಿ ದಂಡೆಯ ಪೈಠಣಕ್ಕೂ ಈ ಮಾತು ಹೊಸದಲ್ಲ. ಕಲಬುರಗಿಯಲ್ಲಿ ಇಂಥ ಬೋರ್ಡು ಕಾಣುವುದಿಲ್ಲ. ಅಲ್ಲಿರುವುದು 'ಬಾರ್ ಅಂಡ್ ರೆಸ್ಟೋರೆಂಟ್'. ವ್ಯತ್ಯಾಸ ಹೆಸರಿನದಷ್ಟೇ ಎಂದು ತೋರಬಹುದು. ಆದರೆ ಈ ಎರಡು ಬೋರ್ಡುಗಳ ಹಿಂದೆ ಇರುವುದು ಬೇರೆಬೇರೆ ಎರಡು ಕಾನೂನು ಕಲ್ಪನೆಗಳು. ಕಲಬುರಗಿಯಲ್ಲಿ ಪರವಾನಗಿ ಬೇಕಾದದ್ದು ಮಾರುವವನಿಗೆ. ಪೈಠಣದಲ್ಲಿ ಮಾರುವವನಿಗೂ ಬೇಕು, ಕುಡಿಯುವವನಿಗೂ ಬೇಕು. ಸೋಜಿಗವೆಂದರೆ, ಎಂಟು ದಶಕಗಳ ಹಿಂದೆ ಈ ಎರಡೂ ಊರುಗಳು ಒಬ್ಬನೇ ದೊರೆಯ, ಒಂದೇ ಅಬಕಾರಿ ಕಾಯ್ದೆಯ ಕೆಳಗಿದ್ದವು.

ಪೈಠಣ ಎಂದರೆ ಹಳೆಯ ಪ್ರತಿಷ್ಠಾನ, ಶಾತವಾಹನರ ರಾಜಧಾನಿ. ಕ್ರಿಸ್ತಶಕ ಮೊದಲ ಶತಮಾನದ ಗ್ರೀಕ್ ನಾವಿಕರ ಕೈಪಿಡಿ 'ಪೆರಿಪ್ಲಸ್' ಈ ಊರನ್ನು ಹೆಸರಿಸಿ, ಭರೂಚ್ ಬಂದರಿನಿಂದ ದಕ್ಷಿಣಕ್ಕೆ ಇಪ್ಪತ್ತು ದಿನಗಳ ದಾರಿ ಎನ್ನುತ್ತದೆ. ಇಲ್ಲಿಂದ ಬಂಡಿಗಳಲ್ಲಿ ಬೆಲೆಬಾಳುವ ಕಲ್ಲುಗಳು ಬಂದರಿಗೆ ಇಳಿಯುತ್ತಿದ್ದವು. ಭರೂಚಿಗೆ ಹೊರದೇಶದಿಂದ ಬರುತ್ತಿದ್ದ ಸರಕುಗಳ ಪಟ್ಟಿಯಲ್ಲಿ ಮೊದಲಿಗೇ ದ್ರಾಕ್ಷಾರಸವಿದೆ. ಅದರಲ್ಲೂ ಇಟಲಿಯದಕ್ಕೆ ಹೆಚ್ಚು ಬೇಡಿಕೆ ಎಂಬ ವ್ಯಾಪಾರಿ ಟಿಪ್ಪಣಿ ಬೇರೆ. ಶಾತವಾಹನ ದೊರೆ ಹಾಲನ ಹೆಸರಿನಲ್ಲಿರುವ ಪ್ರಾಕೃತ ಗಾಥೆಗಳ ಸಂಕಲನದಲ್ಲಿ ಹೆಣ್ಣುಮಕ್ಕಳು ಕುಡಿಯುವುದು ಅಪರಾಧದಂತೆ ಬರುವುದಿಲ್ಲ, ಬದುಕಿನ ಒಂದು ಚಿತ್ರವಾಗಿ ಬರುತ್ತದೆ.

ಆ ಕಾಲದ ಹೆಂಡದಂಗಡಿಯನ್ನು ರಾಜ್ಯ ಹೇಗೆ ಕಾಣುತ್ತಿತ್ತು ಎಂಬುದಕ್ಕೆ ಪೈಠಣದಲ್ಲಿ ಶಾಸನದ ಆಧಾರವಿಲ್ಲ. ಆದರೆ ಮೈಸೂರಿನಲ್ಲಿ ಒಂದು ಪುಸ್ತಕವಿತ್ತು. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳ ಕೈಗೆ ಗ್ರಂಥಲಿಪಿಯ ಒಂದು ಓಲೆಗರಿಯ ಕಟ್ಟು ಬಂತು. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ಅದೇ ಕೌಟಿಲ್ಯನ ಅರ್ಥಶಾಸ್ತ್ರ. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷ ಎಂಬ ಅಧಿಕಾರಿಗೆಂದೇ ಒಂದು ಅಧ್ಯಾಯವಿದೆ. ಇವತ್ತಿನ ಅಬಕಾರಿ ಇನ್‌ಸ್ಪೆಕ್ಟರು ಓದಿದರೆ ತನ್ನ ಇಲಾಖೆಯ ಸುತ್ತೋಲೆಯನ್ನೇ ಓದಿದ ಹಾಗೆ ಅನಿಸೀತು.

ಗೊತ್ತುಪಡಿಸಿದ ಜಾಗ ಬಿಟ್ಟು ಬೇರೆಡೆ ಮಾಡಿದರೆ, ಮಾರಿದರೆ, ಕೊಂಡರೆ 600 ಪಣ ದಂಡ. ಅಂಗಡಿಗಳು ಒತ್ತೊತ್ತಾಗಿ ಇರಕೂಡದು. ನಡತೆ ಒಳ್ಳೆಯದೆಂದು ಹೆಸರಾದವರು ಮಾತ್ರ ಸಣ್ಣ ಅಳತೆಯಲ್ಲಿ ಮನೆಗೆ ಒಯ್ಯಬಹುದು, ಉಳಿದವರು ಅಲ್ಲೇ ಕುಡಿದು ಹೋಗಬೇಕು. ಸಾಲ ಕೊಡುವ ಹಾಗಿಲ್ಲ. ಬೆಲೆ ಇಳಿಸಿ ಮಾರುವ ಹಾಗಿಲ್ಲ. ಕೆಟ್ಟ ಸುರೆಯಾದರೆ ಆಳುಗಳಿಗೆ ಕೂಲಿಯಾಗಿ ಕೊಡಬಹುದು, ಇಲ್ಲವೆ ಹಂದಿಗಳಿಗೆ ಹಾಕಬಹುದು. ಆಳನ್ನೂ ಹಂದಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಈ ಮಾತನ್ನು ಓದುವಾಗ ಆ ರಾಜನೀತಿಯ ಇನ್ನೊಂದು ಮುಖವೂ ಕಾಣುತ್ತದೆ. ಪಾನಗೃಹದಲ್ಲಿ ಹಲವು ಕೋಣೆ, ಬೇರೆಬೇರೆ ಹಾಸಿಗೆ ಮತ್ತು ಆಸನ, ಹೂವು, ಗಂಧ, ನೀರು, ಋತುವಿಗೆ ತಕ್ಕ ಅನುಕೂಲ ಇರಬೇಕು. ಕುಡಿದು ಮಲಗಿದ ಗಿರಾಕಿಯ ಒಡವೆ, ಬಟ್ಟೆ, ಹಣ ಕಳುವಾದರೆ ಅಂಗಡಿಯವನೇ ತುಂಬಿಕೊಡಬೇಕು, ಅಷ್ಟೇ ಮೊತ್ತದ ದಂಡವನ್ನೂ ಕಟ್ಟಬೇಕು. ಗಿರಾಕಿ ಎಷ್ಟು ಖರ್ಚು ಮಾಡುತ್ತಾನೆ ಎಂದು ನೋಡಲು ಗೂಢಚಾರರು ಇರುತ್ತಾರೆ.

ಇಷ್ಟೆಲ್ಲ ಷರತ್ತುಗಳಲ್ಲಿ ಕುಡಿತ ಪಾಪ ಎಂಬ ಮಾತು ಎಲ್ಲೂ ಇಲ್ಲ. ರಾಜ್ಯಕ್ಕೆ ಬೇಕಾದದ್ದು ಆದಾಯ ಮತ್ತು ಶಾಂತಿ. ಮದ್ಯದ ಕಾನೂನಿಗೆ ಮೂರನೆಯ ಉದ್ದೇಶವೊಂದು, ಎಂದರೆ ಪ್ರಜೆಯನ್ನು ತಿದ್ದುವುದು, ಸೇರಿಕೊಂಡದ್ದು ಬಹಳ ತಡವಾಗಿ.

ಪೈಠಣದಲ್ಲಿ ಆ ತಿದ್ದುವ ಕೆಲಸವನ್ನು ಮಾಡಿದ್ದು ಮೊದಲು ಸಂತರು. ಹದಿನಾರನೆಯ ಶತಮಾನದ ಏಕನಾಥರು ಈ ಊರಿನವರು. ಅವರ ಮುತ್ತಜ್ಜ ಭಾನುದಾಸರೇ ಹಂಪೆಯಿಂದ ವಿಠ್ಠಲನ ವಿಗ್ರಹವನ್ನು ಪಂಢರಪುರಕ್ಕೆ ಮರಳಿ ತಂದವರು ಎಂಬ ಐತಿಹ್ಯವನ್ನು ವಾರಕರಿಗಳು ಇಂದಿಗೂ ಹೇಳುತ್ತಾರೆ. ತುಳಸಿ ಮಾಲೆ ಹಾಕಿಕೊಂಡವನು ಹೆಂಡ ಮುಟ್ಟುವಂತಿಲ್ಲ. ಇದು ಕಾಯ್ದೆಯಲ್ಲ, ಒಪ್ಪಿಕೊಂಡ ವ್ರತ. ಮಹಾರಾಷ್ಟ್ರದ ಅಬಕಾರಿ ಪಂಚಾಂಗದಲ್ಲಿ ಇವತ್ತಿಗೂ ಆಷಾಢಿ ಮತ್ತು ಕಾರ್ತಿಕಿ ಏಕಾದಶಿಗಳು ಮದ್ಯದಂಗಡಿ ಮುಚ್ಚುವ ದಿನಗಳು. ವ್ರತ ಸರಕಾರಿ ಆದೇಶಕ್ಕೆ ನುಸುಳಿದ್ದು ಹೀಗೆ.

ನಿಜಾಮರ ಕಾಲಕ್ಕೆ ಬಂದರೆ ಮತ್ತೆ ಆದಾಯದ ಮಾತೇ. 'ಅಬಕಾರಿ' ಎಂಬ ಪಾರಸಿ ಪದದ ಮೊದಲಲ್ಲಿರುವ 'ಆಬ್' ಎಂದರೆ ನೀರು. ಹೈದರಾಬಾದ್ ಸಂಸ್ಥಾನದ ಬೊಕ್ಕಸದಲ್ಲಿ ಭೂಕಂದಾಯದ ಜೊತೆ ನಿಲ್ಲುವಷ್ಟು ದೊಡ್ಡ ಬಾಬತ್ತು ಇದು. ಮರಾಠವಾಡದಲ್ಲಿ ಹಿಪ್ಪೆ ಹೂವಿನ ಸಾರಾಯಿ, ಬೀದರ್-ಕಲಬುರಗಿ-ರಾಯಚೂರು ಕಡೆ ಈಚಲು ಮರದ ಸಿಂದಿ. ಸರ್ಕಾರ ಗುತ್ತಿಗೆ ಹರಾಜು ಹಾಕುತ್ತಿತ್ತು, ಗುತ್ತೇದಾರ ಹಣ ಕಟ್ಟಿ ಇಡೀ ಪ್ರದೇಶವನ್ನು ಹಿಡಿಯುತ್ತಿದ್ದ. ಉತ್ತರ ಕರ್ನಾಟಕದಲ್ಲಿ 'ಗುತ್ತೇದಾರ' ಎನ್ನುವುದು ಮನೆತನದ ಹೆಸರಾಗಿ ನಿಂತಿರುವುದಕ್ಕೆ ಈ ವ್ಯವಹಾರವೂ ಒಂದು ಕಾರಣ. ಫಸಲಿ 1316ರಲ್ಲಿ, ಎಂದರೆ 1906-07ರ ಹೊತ್ತಿಗೆ, ಇದಕ್ಕೆಲ್ಲ ಹೈದರಾಬಾದ್ ಅಬಕಾರಿ ಕಾಯ್ದೆ ಎಂಬ ಚೌಕಟ್ಟು ಬಂತು. ಔರಂಗಾಬಾದ್ ಸುಭಾದ ಪೈಠಣಕ್ಕೂ ಗುಲ್ಬರ್ಗ ಸುಭಾದ ಹಳ್ಳಿಗಳಿಗೂ ಅದೊಂದೇ ಕಾಯ್ದೆ.

ದೊರೆಯ ಆದಾಯ ಯಾವ ಮರದಿಂದ ಇಳಿಯುತ್ತದೆ ಎಂಬುದು ಜನರಿಗೆ ಗೊತ್ತಿತ್ತು. ಸ್ವಾತಂತ್ರ್ಯ ಬಂದರೂ ನಿಜಾಮ ಭಾರತ ಒಕ್ಕೂಟ ಸೇರದೆ ಕುಳಿತಾಗ, 1947-48ರಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಕಾರ್ಯಕರ್ತರು ಕೊಡಲಿ ಹಿಡಿದು ಸಿಂದಿ ಮರಗಳನ್ನು ಕಡಿಯತೊಡಗಿದರು. ಮುಂದಾಳಾಗಿದ್ದವರು ಸ್ವಾಮಿ ರಮಾನಂದ ತೀರ್ಥರು. ಹುಟ್ಟಿದ್ದು ಇಂದಿನ ಕರ್ನಾಟಕದ ನೆಲದಲ್ಲಿ, ಬದುಕಿನ ಬಹುಭಾಗ ದುಡಿದದ್ದು ಮರಾಠವಾಡದಲ್ಲಿ. ಮರ ಕಡಿಯುವುದು ಪಾನನಿರೋಧವೂ ಹೌದು, ಬೊಕ್ಕಸಕ್ಕೆ ಪೆಟ್ಟೂ ಹೌದು. ಎರಡರಲ್ಲಿ ಹೆಚ್ಚು ಯಾವುದು ಎಂದು ಕೇಳಿದರೆ, ಬೊಕ್ಕಸದ ಪೆಟ್ಟೇ ಎನ್ನಬೇಕು.

ಇತ್ತ ಬೊಂಬಾಯಿ ಪ್ರಾಂತ್ಯದಲ್ಲಿ ಕತೆ ಬೇರೆ ದಾರಿ ಹಿಡಿದಿತ್ತು. 1939ರ ಆಗಸ್ಟ್ 1ರಂದು ಬಿ.ಜಿ. ಖೇರ್ ಮಂತ್ರಿಮಂಡಲ ಬೊಂಬಾಯಿ ನಗರದಲ್ಲಿ ಪಾನನಿರೋಧ ತಂದಿತು. ಮಂತ್ರಿಮಂಡಲ ಹೋದ ಮೇಲೆ ಅದು ನಿಲ್ಲಲಿಲ್ಲ. ಸ್ವಾತಂತ್ರ್ಯಾನಂತರ 1949ರ ಬೊಂಬಾಯಿ ಪಾನನಿರೋಧ ಕಾಯ್ದೆ ಬಂತು. ಆಗ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳೂ ಬೊಂಬಾಯಿಗೆ ಸೇರಿದ್ದವು. ಅಂದರೆ ಧಾರವಾಡದವನಿಗೆ ಕುಡಿಯಲು ಪರ್ಮಿಟ್ ಬೇಕಿತ್ತು, ಪೈಠಣದವನಿಗೆ ಬೇಕಿರಲಿಲ್ಲ! ಇವತ್ತಿನ ಸ್ಥಿತಿಗೆ ಸರಿಯಾಗಿ ತಿರುವುಮುರುವು.

ಕಾಯ್ದೆಯ ರಚನೆ ಹೀಗಿತ್ತು: ಮದ್ಯವನ್ನು ಮಾಡುವುದು, ಸಾಗಿಸುವುದು, ಕೊಳ್ಳುವುದು, ಇಟ್ಟುಕೊಳ್ಳುವುದು, ಕುಡಿಯುವುದು ಎಲ್ಲವೂ ಅಪರಾಧ, ಪರವಾನಗಿ ಇದ್ದವರಿಗೆ ಮಾತ್ರ ವಿನಾಯಿತಿ. ಆರೋಗ್ಯಕ್ಕೆ ಬೇಕೇಬೇಕು ಎಂದು ವೈದ್ಯರ ಚೀಟಿ ತಂದವರಿಗೆ ಆರೋಗ್ಯ ಪರ್ಮಿಟ್ಟು, ಪರದೇಶದವರಿಗೆ ಇನ್ನೊಂದು ಬಗೆಯದು. ಕುಡಿಯುವ ಆಸೆಯುಳ್ಳವನು ಮೊದಲು ರೋಗಿಯಾಗಬೇಕಿತ್ತು. ಎಫ್.ಎನ್. ಬಾಲ್ಸರಾ ಎಂಬ ನಾಗರಿಕರು ಇದನ್ನು ಪ್ರಶ್ನಿಸಿದರು. ವಿಸ್ಕಿ, ಬ್ರಾಂದಿ, ಬಿಯರ್ ಜೊತೆಗೆ ಯೂಡಿಕೊಲೋನ್, ಲ್ಯಾವೆಂಡರ್ ನೀರು ಕೂಡ ಇಟ್ಟುಕೊಳ್ಳುವ ಹಕ್ಕು ತನಗೆ ಬೇಕು ಎಂಬುದು ಅವರ ವಾದ. 1951ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯ ಹೆಚ್ಚಿನ ಭಾಗವನ್ನು ಎತ್ತಿಹಿಡಿಯಿತು. ಔಷಧಿ, ಪ್ರಸಾಧನ ದ್ರವ್ಯಗಳಿಗೆ ಹಾಕಿದ ನಿಷೇಧವನ್ನು ತೆಗೆದುಹಾಕಿತು. ಮದ್ಯವನ್ನು ಹೊಗಳಿ ಮಾತಾಡುವುದೇ ಅಪರಾಧ ಎಂದಿದ್ದ ಮಾತನ್ನೂ ಹೊಡೆದುಹಾಕಿತು. ಕುಡಿಯಲು ಹಕ್ಕಿಲ್ಲ, ಹೊಗಳಲು ಹಕ್ಕಿದೆ!

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ತುಂಡಾಯಿತು. ಕಲಬುರಗಿ, ಬೀದರ್, ರಾಯಚೂರು ಮೈಸೂರಿಗೆ ಬಂದವು. ಔರಂಗಾಬಾದ್ ಜಿಲ್ಲೆಯೊಡನೆ ಪೈಠಣ ಬೊಂಬಾಯಿ ರಾಜ್ಯಕ್ಕೆ ಸೇರಿತು. ಪಾನನಿರೋಧ ಕಾಯ್ದೆಯನ್ನು ಅಲ್ಲಿಗೆ ವಿಸ್ತರಿಸುವ ತಿದ್ದುಪಡಿ 1959ರಲ್ಲಿ ಬಂತು. ಅಲ್ಲಿಯವರೆಗೆ ಗುತ್ತೇದಾರನ ಅಂಗಡಿಗೆ ಹೋಗುತ್ತಿದ್ದ ಪೈಠಣದ ಕೂಲಿಯವನು ಕಾಯ್ದೆಯ ಒಂದು ಪುಟ ತಿರುಗಿದ ಮಾತ್ರಕ್ಕೆ ಅಪರಾಧಿಯಾದ.

ಹೊಸ ಮೈಸೂರು ರಾಜ್ಯದ ಗೊಂದಲ ಇನ್ನೊಂದು ಬಗೆಯದು. ಬೊಂಬಾಯಿಯಿಂದ ಬಂದ ಜಿಲ್ಲೆಗಳೂ ಮದ್ರಾಸಿನಿಂದ ಬಂದ ದಕ್ಷಿಣ ಕನ್ನಡ, ಬಳ್ಳಾರಿಗಳೂ ಪಾನನಿರೋಧ ಹೊತ್ತು ಬಂದವು. ಹೈದರಾಬಾದಿನ ಜಿಲ್ಲೆಗಳು ಸಿಂದಿ ಹೊತ್ತು ಬಂದವು. 1967ರಲ್ಲಿ ಸರ್ಕಾರ ಪಾನನಿರೋಧವನ್ನು ಕೈಬಿಟ್ಟು, 1965ರ ಅಬಕಾರಿ ಕಾಯ್ದೆಯನ್ನು ಇಡೀ ರಾಜ್ಯಕ್ಕೆ ಅನ್ವಯಿಸಿತು. ಆ ಕಾಯ್ದೆ ನಿಂತಿರುವುದು ಪರವಾನಗಿಯ ಮೇಲೆ: ಚಿಲ್ಲರೆ ಅಂಗಡಿಗೆ ಸಿಎಲ್-2, ಕ್ಲಬ್ಬಿಗೆ ಸಿಎಲ್-4, ವಸತಿಗೃಹಕ್ಕೆ ಸಿಎಲ್-7, ಬಾರಿಗೆ ಸಿಎಲ್-9. ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ದೂರ ಇರಬೇಕು ಎಂಬುದು ಬಾರು ತೆರೆಯುವವರೆಲ್ಲ ಟೇಪು ಹಿಡಿದು ಕಲಿಯುವ ಪಾಠ. 1992ರಿಂದ ಹೊಸ ಸಿಎಲ್-2, ಸಿಎಲ್-9 ಪರವಾನಗಿ ಕೊಡುವುದನ್ನು ಸರ್ಕಾರ ನಿಲ್ಲಿಸಿತು. ಫಲ, ಕುಡಿತ ಇಳಿಯಲಿಲ್ಲ. ಹಳೆಯ ಪರವಾನಗಿಯ ಕಾಗದಕ್ಕೇ ಆಸ್ತಿಯ ಬೆಲೆ ಬಂತು.

ಆ ಕಾಗದ ಎಂಥ ಆಸ್ತಿ ಎಂಬುದನ್ನು ಹೇಳಿದ ತೀರ್ಪೂ ಕರ್ನಾಟಕದ ಮೊಕದ್ದಮೆಯಿಂದಲೇ ಬಂತು. ಖೋಡೇ ಡಿಸ್ಟಿಲರೀಸ್ ಮೊಕದ್ದಮೆಯ 1994ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ ಎಂದಿತು. ಸರ್ಕಾರ ಪೂರ್ತಿ ನಿಲ್ಲಿಸಬಹುದು, ತಾನೇ ಮಾರಬಹುದು, ಇಲ್ಲವೆ ಷರತ್ತು ಹಾಕಿ ಬೇರೆಯವರಿಗೆ ಬಿಡಬಹುದು. ಬಿಟ್ಟ ಮೇಲೆ ಮಾತ್ರ ಅರ್ಹರ ನಡುವೆ ಭೇದ ಮಾಡುವಂತಿಲ್ಲ.

ಮಹಾರಾಷ್ಟ್ರ 1960ರ ದಶಕದಲ್ಲಿ ಪರ್ಮಿಟ್ಟನ್ನು ಸಡಿಲಿಸಿತು, 1973ರ ನಿಯಮಗಳಿಂದ ದೇಶೀ ದಾರುವಿಗೂ ದಾರಿ ಮಾಡಿತು. ಆದರೆ ಪಾನನಿರೋಧ ಕಾಯ್ದೆಯನ್ನು ರದ್ದು ಮಾಡಲಿಲ್ಲ. ಆದ್ದರಿಂದ ಪೈಠಣದ ಬಾರಿನಲ್ಲಿ ಕುಳಿತವನು ಕಾಯ್ದೆಯ ಪ್ರಕಾರ ಇಂದಿಗೂ ವಿನಾಯಿತಿ ಪಡೆದವನು. ವಿದೇಶಿ ಮದ್ಯಕ್ಕೆ ಒಂದು ದಿನದ ಪರ್ಮಿಟ್ಟಿಗೆ 5 ರೂಪಾಯಿ, ದೇಶೀ ದಾರುವಿಗೆ 2 ರೂಪಾಯಿ. ಆಜೀವ ಪರ್ಮಿಟ್ಟಿಗೆ 1000 ರೂಪಾಯಿ. ಕಡು ಮದ್ಯಕ್ಕೆ ವಯಸ್ಸು 25 ಆಗಿರಬೇಕು. ಈ ಚೀಟಿಯನ್ನು ಕೇಳುವವರು ಕಡಿಮೆ, ಇಟ್ಟುಕೊಳ್ಳುವವರು ಇನ್ನೂ ಕಡಿಮೆ. ಆದರೆ ಪೊಲೀಸರಿಗೆ ಬೇಕೆನಿಸಿದ ದಿನ ಆ ಚೀಟಿ ಇಲ್ಲದಿರುವುದೇ ಮೊಕದ್ದಮೆ. ಹೀಗೆ ಯಾರೂ ಪಾಲಿಸದ ಷರತ್ತು ಬಡವನ ಮೇಲೇ ಹೆಚ್ಚು ಬೀಳುತ್ತದೆ.

ಈ ಹಳೆಯ ಕಾಯ್ದೆಯ ಗರ್ಭದಿಂದಲೇ ಕರ್ನಾಟಕದಲ್ಲಿ ಇಲ್ಲದ ಒಂದು ಒಳ್ಳೆಯದೂ ಹುಟ್ಟಿದೆ. 2008ರ ಆದೇಶದ ಪ್ರಕಾರ ಊರಿನ ಶೇಕಡ 25ರಷ್ಟು ಮತದಾರರು ಅಥವಾ ಮಹಿಳಾ ಮತದಾರರು ಅರ್ಜಿ ಕೊಟ್ಟರೆ ಮದ್ಯದಂಗಡಿಯ ಬಗ್ಗೆ ಗುಪ್ತ ಮತದಾನ ನಡೆಸಬೇಕು. ಮತಪತ್ರದಲ್ಲಿ ಎರಡೇ ಚಿಹ್ನೆ: ನಿಂತ ಬಾಟಲಿ, ಮಲಗಿದ ಬಾಟಲಿ. ಮರಾಠಿಯಲ್ಲಿ 'ಉಭೀ ಬಾಟಲೀ', 'ಆಡವೀ ಬಾಟಲೀ'. ಮಲಗಿದ ಬಾಟಲಿಗೆ ಅರ್ಧಕ್ಕಿಂತ ಹೆಚ್ಚು ಮತ ಬಿದ್ದರೆ ಅಂಗಡಿ ಮುಚ್ಚಬೇಕು. ಅದೂ ಚಲಾಯಿಸಿದ ಮತದ ಅರ್ಧವಲ್ಲ, ಪಟ್ಟಿಯಲ್ಲಿರುವ ಒಟ್ಟು ಮತದಾರರ ಅರ್ಧ. ಕೆಲಸ ಹುಡುಕಿ ಗುಳೆ ಹೋದವಳ ಗೈರುಹಾಜರಿಯೂ ಅಂಗಡಿಯ ಪರ ಬಿದ್ದ ಮತವೇ. ಹಾಗಿದ್ದರೂ ಎಷ್ಟೋ ಹಳ್ಳಿಯ ಹೆಣ್ಣುಮಕ್ಕಳು ಬಾಟಲಿಯನ್ನು ಮಲಗಿಸಿದ್ದಾರೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದ ಸಾವಿರಾರು ಮಹಿಳೆಯರ ಬಳಿ ಇಂಥ ಮತಪತ್ರ ಇರಲಿಲ್ಲ, ಕಾಲುಗಳಿದ್ದವು. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು; ಅವರು ಕೇಳುತ್ತಿದ್ದುದು ಅದರ ಜಾಗಕ್ಕೆ ಹಳ್ಳಿಗೆ ಬಂದು ಕುಳಿತ ಅಗ್ಗದ ಸ್ಯಾಶೆಗಳ ಬಗ್ಗೆ.

ಇದರ ನಡುವೆ ಸುಪ್ರೀಂ ಕೋರ್ಟು 2016ರ ಡಿಸೆಂಬರ್ 15ರಂದು ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯ ಮಾರಬಾರದೆಂದಿತು. ಮರುವರ್ಷ ಮಾರ್ಚಿನಲ್ಲಿ ಚಿಕ್ಕ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿ, ಜುಲೈಯಲ್ಲಿ ನಗರಸಭೆಯ ಎಲ್ಲೆಯೊಳಗಿನ ಅಂಗಡಿಗಳಿಗೆ ಅನ್ವಯಿಸುವುದಿಲ್ಲ ಎಂದೂ ಸ್ಪಷ್ಟಪಡಿಸಿತು. ನಾಸಿಕದ ದ್ರಾಕ್ಷಿ ಬೆಳೆಗಾರರ ಹೆಸರು ಹೇಳಿ 2022ರ ಜನವರಿಯಲ್ಲಿ ಮಹಾರಾಷ್ಟ್ರ ಸಚಿವ ಸಂಪುಟ ಸೂಪರ್ ಮಾರ್ಕೆಟ್ಟುಗಳಲ್ಲಿ ವೈನ್ ಮಾರಲು ಒಪ್ಪಿತು. ವಿರೋಧ ಎದ್ದು ಅದು ಅಲ್ಲಿಗೇ ನಿಂತಿತು.

ಪೈಠಣಕ್ಕೆ ಮದ್ಯದೊಂದಿಗೆ ಇನ್ನೊಂದು ಸಂಬಂಧವಿದೆ, ಅದು ನೀರಿನದು. ಊರಿನ ಪಕ್ಕದ ಜಾಯಕವಾಡಿ ಅಣೆಕಟ್ಟು, ಏಕನಾಥರ ನೆನಪಿನ ನಾಥಸಾಗರ, ಛತ್ರಪತಿ ಸಂಭಾಜಿನಗರಕ್ಕೆ ಕುಡಿಯುವ ನೀರು ಕೊಡುತ್ತದೆ. ಅಲ್ಲಿನ ಕೈಗಾರಿಕಾ ವಸಾಹತುಗಳ ಬಿಯರ್ ಮತ್ತು ಮದ್ಯದ ಕಾರ್ಖಾನೆಗಳಿಗೆ ನೀರು ಹೋಗುವುದೂ ಅದರಿಂದಲೇ. 2016ರ ಬೇಸಿಗೆಯಲ್ಲಿ ಮರಾಠವಾಡ ಬಿರುಕುಬಿಟ್ಟಿತ್ತು. ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ತರುತ್ತಿದ್ದರು. ಆ ಏಪ್ರಿಲ್‌ನಲ್ಲಿ ಬೊಂಬಾಯಿ ಹೈಕೋರ್ಟಿನ ಔರಂಗಾಬಾದ್ ಪೀಠ, ಮದ್ಯದ ಕಾರ್ಖಾನೆಗಳಿಗೆ ಕೊಡುವ ನೀರನ್ನು ಹಂತಹಂತವಾಗಿ ಶೇಕಡ 60ರಷ್ಟು ಕಡಿತಗೊಳಿಸಲು ಆದೇಶಿಸಿತು. ಕಾರ್ಖಾನೆಗಳಿಗೆ ಪರವಾನಗಿ ಇತ್ತು, ಅಬಕಾರಿ ಸುಂಕವೂ ಸಂದಿತ್ತು. ಆ ಬೇಸಿಗೆಯಲ್ಲಿ ಅವಕ್ಕೆ ಬಿದ್ದ ಹೊಸ ಷರತ್ತು ಕಾಯ್ದೆಯ ಪುಸ್ತಕದಲ್ಲಿ ಇರಲಿಲ್ಲ, ಜಲಾಶಯದ ತಳದಲ್ಲಿತ್ತು.