ಗೋಕಾಕ ಸೀಮೆಯ ಹಾಜರಿ ದಫ್ತರ

ಗೋಕಾಕ, ಮೂಡಲಗಿ, ಹುಕ್ಕೇರಿ ಪ್ರದೇಶಗಳ ಸಾಮಾಜಿಕ ಇತಿಹಾಸವನ್ನು ಬರೆಯಹೊರಟವರು ಶಾಸನಗಳನ್ನೂ ಕಂದಾಯದ ಕಾಗದಪತ್ರಗಳನ್ನೂ ಆಶ್ರಯಿಸುವುದು ರೂಢಿ. ಇನ್ನೊಂದು ಬಗೆಯ ದಾಖಲೆಯ ಕಡೆಗೆ ಅವರ ಲಕ್ಷ್ಯ ಹರಿದುದು ವಿರಳ. ಅದು ‘ಅಪರಾಧಿ ಬುಡಕಟ್ಟು’ಗಳೆಂದು ಹೆಸರಿಸಲ್ಪಟ್ಟವರ ದಫ್ತರ. ಯಾರ ಬದುಕನ್ನು ಅದರಲ್ಲಿ ಬರೆಯಲಾಯಿತೋ ಅವರ ಕೈಗೆ ಅದು ಸಿಗುತ್ತಿರಲಿಲ್ಲ. ಜಿಲ್ಲೆಯ ಪೋಲೀಸು ಮುಖ್ಯಾಧಿಕಾರಿಯ ವಶದಲ್ಲಿರುತ್ತಿತ್ತು.

ಈ ಕಾನೂನು 1871ರಲ್ಲಿ ಉತ್ತರ ಹಿಂದುಸ್ಥಾನಕ್ಕಾಗಿ ಹುಟ್ಟಿತು. 1911ರ ಕಾನೂನು ಅದನ್ನು ಮುಂಬಯಿ ಇಲಾಖೆಗೂ, ಆದುದರಿಂದ ಬೆಳಗಾವಿ ಜಿಲ್ಲೆಗೂ ವಿಸ್ತರಿಸಿತು. ಹರಣಶಿಕಾರಿ, ಘಂಟಿಚೋರ, ಛಪ್ಪರಬಂದ ಮೊದಲಾದ ಸಮುದಾಯಗಳು ಈ ಇಲಾಖೆಯಲ್ಲಿ ಅದರ ಕಕ್ಷೆಗೆ ಬಂದವು. ಇವುಗಳಲ್ಲಿ ಒಂದರ ಹೆಸರೇ ಕಳವಿನ ಆರೋಪವನ್ನು ಹೊತ್ತಿರುವುದನ್ನು ಓದುಗರು ಗಮನಿಸಿರಬಹುದು. ದಫ್ತರದಲ್ಲಿ ಹೆಸರು ಸೇರಿದವನ ಬೆರಳಚ್ಚು ಪಡೆಯಲಾಗುತ್ತಿತ್ತು. ಸರಕಾರವು ಅಪ್ಪಣೆ ಮಾಡಿದರೆ ಅವನು ಗೊತ್ತಾದ ಅವಧಿಗೊಮ್ಮೆ ಹಾಜರಾಗಬೇಕು. ವಾಸಸ್ಥಳವನ್ನೂ, ಅದರ ಬದಲಾವಣೆಯನ್ನೂ, ಊರು ಬಿಟ್ಟು ಹೋಗುವುದನ್ನೂ ತಿಳಿಸಬೇಕು. ತಪ್ಪಿದರೆ ಸೆರೆವಾಸಕ್ಕೆ ಗುರಿ. ಸಮುದಾಯವನ್ನು ಅಪರಾಧಿಯೆಂದು ಸಾರಿದ ಪ್ರಕಟಣೆಯ ಸಿಂಧುತ್ವವನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ.

ಈ ಸೀಮೆಯ ಭೂಗೋಲವನ್ನು ಇಲ್ಲಿ ನೆನೆಯಬೇಕು. ಮೂಡಲಗಿ ಆಗ ಗೋಕಾಕ ತಾಲೂಕಿನಲ್ಲಿತ್ತು. ಹುಕ್ಕೇರಿ ಚಿಕ್ಕೋಡಿಗೆ ಸೇರಿದ ಪೇಟೆಯಾಗಿತ್ತು. ಪಶ್ಚಿಮಕ್ಕೆ ಕೊಲ್ಲಾಪುರ ಸಂಸ್ಥಾನ, ಪೂರ್ವಕ್ಕೆ ಮುಧೋಳ ಸಂಸ್ಥಾನ. ಸಂತೆಯಿಂದ ಸಂತೆಗೆ ಹೋಗಿ ಬದುಕುವವನಿಗೆ ಒಂದೆರಡು ದಿನದ ನಡಿಗೆಯಲ್ಲಿ ಹಲವು ಗಡಿಗಳು ಎದುರಾಗುತ್ತಿದ್ದವು. ಅವನ ಹೊಟ್ಟೆಪಾಡಿನ ದಾರಿಯೇ ದಫ್ತರದಲ್ಲಿ ‘ಗೈರು’ ಎಂದಾಗಲು ಹೆಚ್ಚು ಸಮಯ ಬೇಕಿರಲಿಲ್ಲ. 1887ರಿಂದ ನೂಲಿನ ಗಿರಣಿ ನಡೆಯುತ್ತಿದ್ದ ಗೋಕಾಕ ಫಾಲ್ಸಿನಲ್ಲಿ ಮುಂದೆ ಇಂಥವರಿಗಾಗಿ ‘ಸೆಟ್ಲಮೆಂಟು’ ಏರ್ಪಟ್ಟಿತು. ಅಲ್ಲಿ ವಾಸಿಸುವವರು ಗಿರಣಿಯಲ್ಲಿ ದುಡಿದರು. ದುಡಿಮೆಯ ಹಾಜರಿ ಒಂದು, ಕಾವಲಿನ ಹಾಜರಿ ಇನ್ನೊಂದು.

ಇಂಥ ದಫ್ತರವನ್ನು ಇತಿಹಾಸಕಾರನು ಹೇಗೆ ಓದಬೇಕು? ಇಂದಿನ ಒಂದು ಹೋಲಿಕೆ ಇಲ್ಲಿ ಉಪಯುಕ್ತವಾದೀತು. ಮಿಂಚಂಚೆಯ ಮೂಲಕ ಗಿರಾಕಿಗಳಿಗೆ ಪ್ರಚಾರಪತ್ರಗಳನ್ನು ಕಳುಹುವ ವ್ಯವಸ್ಥೆಗಳ ಒಡಲಿನಲ್ಲಿ, ಪತ್ರ ಪಡೆದವನಿಗೆ ಕಾಣದ ಕೋಷ್ಟಕಗಳಿರುತ್ತವೆ. ಪತ್ರ ಯಾರಿಗೆ ಹೋಯಿತು, ಯಾರು ತೆರೆದರು, ಯಾವ ಕೊಂಡಿಯನ್ನು ಒತ್ತಿದರು ಎಂಬುದು ಕಾಲಸಮೇತ ಅವುಗಳಲ್ಲಿ ಸೇರುತ್ತದೆ. ಗುರುತಿನ ಸಂಖ್ಯೆಯಿಂದ ಅವನ್ನು ಜೋಡಿಸಿ ಒಬ್ಬನ ನಡೆಯನ್ನು ತಿಳಿಯಬಹುದು. ಆದರೆ ‘ತೆರೆದನು’ ಎಂಬ ನಮೂದು ಹುಟ್ಟುವುದು, ಪತ್ರದಲ್ಲಿ ಅಡಗಿಸಿದ ಅತಿಸೂಕ್ಷ್ಮ ಚಿತ್ರವೊಂದನ್ನು ಯಂತ್ರವು ತರಿಸಿಕೊಂಡಾಗ. ಆಪಲ್ ಸಂಸ್ಥೆಯು 2021ರಲ್ಲಿ ತಂದ ಏರ್ಪಾಡಿನಲ್ಲಿ ಅಂಚೆಯ ತಂತ್ರಾಂಶವೇ ಇಂಥ ಚಿತ್ರಗಳನ್ನು ಮುಂಚಿತವಾಗಿ ತರಿಸಿಡುವುದರಿಂದ, ಓದದ ಪತ್ರವೂ ತೆರೆದುದೆಂದೇ ದಾಖಲಾಗುತ್ತದೆ. ಎರಡೂ ಕಡೆ ಕೋಷ್ಟಕವು ಹೇಳುವುದು ಮನುಷ್ಯನ ಕೃತ್ಯವನ್ನಲ್ಲ, ನೋಡುವವನಿಗೆ ಕಂಡುದನ್ನು ಮಾತ್ರ. ಪರಿಣಾಮದಲ್ಲಿ ಮಾತ್ರ ಅಜಗಜಾಂತರವಿದೆ: ಅಲ್ಲಿ ತಪ್ಪಿದರೆ ವ್ಯಾಪಾರಿಯ ಎಣಿಕೆ ಕೆಡುತ್ತದೆ, ಇಲ್ಲಿ ತಪ್ಪಿದರೆ ಮನೆಯ ಯಜಮಾನ ಸೆರೆಮನೆ ಸೇರುತ್ತಿದ್ದನು.

ಆದಕಾರಣ ‘ಗೈರು’ಗಳನ್ನು ಎಣಿಸಿ ಒಂದು ಸಮುದಾಯದ ಶೀಲವನ್ನು ನಿರ್ಣಯಿಸುವುದು ಅಶಾಸ್ತ್ರೀಯ. ಅದೇ ನಮೂದುಗಳನ್ನು ಸಂತೆಯ ದಿನ, ಸುಗ್ಗಿ, ಬರ, ಗಿರಣಿಯ ಪಾಳಿ ಇವುಗಳೊಡನೆ ಹೊಂದಿಸಿ ನೋಡಿದರೆ ಜನರ ಜೀವನಕ್ರಮ ತಿಳಿಯಲು ಅವು ನೆರವಾಗಬಲ್ಲವು. ದಫ್ತರವನ್ನು ಬರೆಯಿಸಿದವರ ಉದ್ದೇಶ ಅದಾಗಿರಲಿಲ್ಲ, ಅದರಿಂದೇನೂ ಬಾಧೆಯಿಲ್ಲ.

ಮುಂಬಯಿ ಪ್ರಾಂತದಲ್ಲಿ ಈ ಕಾನೂನು 1949ರಲ್ಲಿ, ದೇಶದಾದ್ಯಂತ 1952ರ ಆಗಸ್ಟ್ 31ರಂದು ರದ್ದಾಯಿತು. ‘ರೂಢಿಗತ ಅಪರಾಧಿ’ಗಳ ಹೆಸರಿನಲ್ಲಿ ಹೊಸ ದಫ್ತರಗಳು ಬಂದವು, 1956ರಲ್ಲಿ ಬೆಳಗಾವಿಯನ್ನು ಪಡೆದ ಮೈಸೂರು ರಾಜ್ಯವೂ 1961ರಲ್ಲಿ ಅಂಥದೊಂದು ಕಾನೂನನ್ನು ಮಾಡಿತು. ಸೆರೆಮನೆಯ ದಫ್ತರಗಳಿಂದ ಜಾತಿಯ ಅಂಕಣವನ್ನು ತೆಗೆದುಹಾಕುವಂತೆ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿದುದು 2024ರ ಅಕ್ಟೋಬರ್ 3ರಂದು.