ಕಂಪೌಂಡರನ ಬಾಟಲಿಯಿಂದ ತಿಂಗಳ ಗುಳಿಗೆಯವರೆಗೆ

“ಸಕ್ಕರಿ ಇಳದೈತಿ, ಇನ್ಯಾಕ ಗುಳಿಗಿ?” ಹೀಗಂದು ನಮ್ಮವ್ವ ಎರಡು ತಿಂಗಳು ಗುಳಿಗೆ ಬಿಟ್ಟಿದ್ದಳು. ಕಾಲಿನ ಗಾಯ ಮಾಯದಿದ್ದಾಗ ವಿಷಯ ಗೊತ್ತಾಯಿತು. ಅವಳಿಗೆ ತಿಳಿಯುವ ಹಾಗೆ ಹೇಳಿದವರು ಔಷಧಿ ಅಂಗಡಿಯವರು: “ಯವ್ವಾ, ಗುಳಿಗಿ ನುಂಗಿದ್ದಕ್ಕ ಇಳದೈತಿ. ಬಿಟ್ರ ಮತ್ತ ಏರತೈತಿ.”

ಡಾಕ್ಟರ ಮುಖ ನೋಡುವುದು ನಾಲ್ಕಾರು ತಿಂಗಳಿಗೊಮ್ಮೆ. ಅಂಗಡಿ ಕಟ್ಟೆ ಹತ್ತುವುದು ತಿಂಗಳಿಗೊಮ್ಮೆ. ಹಾಗಾದರೆ ಈ ಅಂಗಡಿಯವರ ಕೆಲಸ ಬರೀ ಮಾರಾಟವೇ? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೊಳೆಆಲೂರು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದ ಕಾಲ. ಆಗಿನ ದವಾಖಾನೆಗಳಲ್ಲಿ ಚೀಟಿ ನೋಡಿ ಪುಡಿ ತೂಗಿ, ನೀರಲ್ಲಿ ಕಲಸಿ ಕೊಡುತ್ತಿದ್ದವನು ಕಂಪೌಂಡರ್. ಬಾಟಲಿಗೆ ಕಚ್ಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದ. ಒಂದು ಕಚ್ಚೆಂದರೆ ಒಂದು ಹೊತ್ತಿನ ಔಷಧ. ಓದು ಬಾರದವರಿಗೂ ಲೆಕ್ಕ ತಿಳಿಯುತ್ತಿತ್ತು.

ಆದರೆ ಔಷಧ ಮಾರುವವರು ಕಲಿತಿರಲೇಬೇಕೆಂದು ಇಡೀ ದೇಶಕ್ಕೆ ಒಂದು ಕಾನೂನು ಇರಲಿಲ್ಲ. ಕಲಬೆರಕೆಯ ದೂರು ಹೆಚ್ಚಿದಾಗ 1930ರಲ್ಲಿ ಕರ್ನಲ್ ಆರ್.ಎನ್. ಚೋಪ್ರಾ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. 1932ರಲ್ಲಿ ಮಹಾದೇವ ಲಾಲ್ ಶ್ರಾಫ್ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಫಾರ್ಮಸಿ ಶಿಕ್ಷಣಕ್ಕೆ ಬುನಾದಿ ಹಾಕಿದರು. 1940ರಲ್ಲಿ ಔಷಧ ಕಾಯ್ದೆ, 1948ರಲ್ಲಿ ಫಾರ್ಮಸಿ ಕಾಯ್ದೆ ಬಂದವು. ಕಂಪೌಂಡರನ ಜಾಗದಲ್ಲಿ ಓದಿ ನೋಂದಣಿ ಮಾಡಿಸಿಕೊಂಡ ಫಾರ್ಮಸಿಸ್ಟ್ ನಿಲ್ಲುವ ಕಾಲ ಶುರುವಾಯಿತು.

ಅದೇ ಹೊತ್ತಿಗೆ ಔಷಧವೂ ಬದಲಾಯಿತು. ಕಾರ್ಖಾನೆಯಿಂದಲೇ ಗುಳಿಗೆ ಪಟ್ಟಿ ಬಂತು. ಕಲಸುವ ಕೆಲಸ ಹೋಯಿತು, ಕಚ್ಚಿನ ಕಾಗದವೂ ಹೋಯಿತು. ಪಟ್ಟಿಯ ಮೇಲೆ ಉಳಿದದ್ದು ಸಣ್ಣ ಇಂಗ್ಲಿಷ್ ಅಕ್ಷರ.

ರೋಗವೂ ಬದಲಾಯಿತು. ಜ್ವರದ ಔಷಧ ನಾಲ್ಕು ದಿನ. ಸಕ್ಕರೆ, ಬಿಪಿ ಗುಳಿಗೆ ಬಹಳ ಮಂದಿಗೆ ಜೀವಮಾನವಿಡೀ. ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಅಂದಾಜು ಮಾಡಿದೆ. ಖರ್ಚು ತಗ್ಗಿಸಲು 2008ರಲ್ಲಿ ಅಮೃತಸರದಿಂದ ಜನೌಷಧಿ ಮಳಿಗೆಗಳು ಆರಂಭವಾದವು. ಬೆಲೆ ಇಳಿಯಿತು. ಆದರೆ ಗುಳಿಗೆಯನ್ನು ಯಾವಾಗ, ಎಷ್ಟು, ಯಾಕೆ ತೆಗೆದುಕೊಳ್ಳಬೇಕೆಂದು ಹೇಳುವವರು ಬೇಕಲ್ಲ?

2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಇದಕ್ಕೆ ಉತ್ತರ ಕೊಟ್ಟವು. ಔಷಧ ಯಾತಕ್ಕೆ, ಎಷ್ಟು ದಿನ, ಅಡ್ಡಪರಿಣಾಮವೇನು, ಹೇಗೆ ಇಡಬೇಕು, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು ಎಂಬುದನ್ನು ತಿಳಿಸುವುದು ಫಾರ್ಮಸಿಸ್ಟರ ಕರ್ತವ್ಯ ಎಂದಾಯಿತು. ಇಂಗ್ಲೆಂಡಿನಲ್ಲಿ 2021ರಿಂದ 40 ದಾಟಿದವರಿಗೆ ಔಷಧಿ ಅಂಗಡಿಯಲ್ಲೇ ಉಚಿತವಾಗಿ ಬಿಪಿ ನೋಡುವ ಸೇವೆಯಿದೆ. ಆದರೆ ನಮ್ಮಲ್ಲಿ ಎಷ್ಟೋ ಕಡೆ ಇನ್ನೂ “ಎಷ್ಟ್ ಪಟ್ಟಿ ಕೊಡ್ಲಿ?” ಎಂಬಲ್ಲಿಗೆ ಮಾತು ಮುಗಿಯುತ್ತದೆ. ಗೋಡೆಯ ಮೇಲೆ ಒಬ್ಬರ ಪ್ರಮಾಣಪತ್ರ, ಕೌಂಟರಿನಲ್ಲಿ ಇನ್ನೊಬ್ಬರು. ಕಾನೂನು ಇದನ್ನು ಒಪ್ಪುವುದಿಲ್ಲ.

ಇದರ ಬೆಲೆ ನಮ್ಮೂರಿಗೆ ಗೊತ್ತು. 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆ ಉಕ್ಕಿದಾಗ ಜನ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟರು. ಅಂಥ ಹೊತ್ತಿನಲ್ಲಿ ಡಾಕ್ಟರ ಚೀಟಿ ಯಾರಿಗೆ ನೆನಪಿರುತ್ತದೆ? “ಬಿಳಿ ಗುಳಿಗಿ, ಸಣ್ಣದು” ಎಂದರೆ ಯಾರಿಗೂ ತಿಳಿಯದು. ಯಾರಿಗೆ ಯಾವ ಗುಳಿಗೆ ಎಂಬ ದಾಖಲೆ ಅಂಗಡಿಯಲ್ಲೂ ಇದ್ದರೆ ಅದೇ ಆಸರೆ.

ಫಾರ್ಮಸಿಸ್ಟರು ಡಾಕ್ಟರಲ್ಲ. ಗುಳಿಗೆ ಬದಲಿಸುವ, ಪ್ರಮಾಣ ಏರಿಸುವ ಅಧಿಕಾರ ಅವರಿಗಿಲ್ಲ. ಆದರೆ ಕೇಳಿದ್ದಕ್ಕೆ ಉತ್ತರ ಹೇಳಲೇಬೇಕು. ಮುಂದಿನ ಸಲ ಅಂಗಡಿಗೆ ಹೋದಾಗ ಚೀಟಿ ತೋರಿಸಿ ಕೇಳಿ: “ಇದು ಯಾತಕ್ಕ? ಊಟದ ಮೊದಲೋ, ಆಮ್ಯಾಲೋ? ಒಂದ್ ಹೊತ್ತು ತಪ್ಪಿದ್ರ ಏನ್ ಮಾಡ್ಲಿ?” ಪಟ್ಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ. ಓದು ಬಾರದ ಹಿರಿಯರಿದ್ದರೆ ಗುರುತು ಹಾಕಿಸಿಕೊಳ್ಳಿ. ಹಳೆಯ ಕಂಪೌಂಡರ್ ಕತ್ತರಿಯಲ್ಲಿ ಮಾಡುತ್ತಿದ್ದದ್ದೂ ಅದನ್ನೇ.